ನಮ್ಮ ಕರಾವಳಿಯ ಗಾಳದ ಗುಂಪುಗಳನ್ನು ಒಂದು ಲೀಗ್‌ಗೆ ತರುವುದು ಹೇಗೆ?

ಕಾಪು ಬಂಡೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನು ಕಾಪುವಿನವನು. ಸಣ್ಣದೊಂದು ಎಲೆಕ್ಟ್ರಿಕಲ್ ಅಂಗಡಿ ಉಂಟು. ಹನ್ನೆರಡು ವರ್ಷದಿಂದ ಗಾಳ ಹಾಕುತ್ತಿದ್ದೇನೆ, ಜಾಸ್ತಿ ದೀಪಸ್ತಂಭದ ಹತ್ತಿರದ ಬಂಡೆಯಲ್ಲಿ. ಆದಿತ್ಯವಾರ ಬೆಳಿಗ್ಗೆ ನಾನು ಮನೆಯಲ್ಲಿದ್ದರೆ ಹೆಂಡತಿ ಹಣೆ ಮುಟ್ಟಿ ಜ್ವರ ಉಂಟಾ ಎಂದು ನೋಡುತ್ತಾಳೆ.

ಸುರತ್ಕಲ್‌ನಿಂದ ಗಂಗೊಳ್ಳಿವರೆಗೆ ನನಗೆ ಗೊತ್ತಿರುವ ಗಾಳದ ಗುಂಪುಗಳೇ ಏಳು. ಎಲ್ಲವೂ ವಾಟ್ಸಾಪ್‌ನಲ್ಲಿ ಹುಟ್ಟಿದ್ದು. ಕೆಲವರಿಗೆ ಟಿ-ಶರ್ಟ್ ಉಂಟು, ಲೋಗೋ ಉಂಟು, ಅಧ್ಯಕ್ಷ ಮಾತ್ರ ಯಾರೆಂದು ಗೊತ್ತಿಲ್ಲ. ಇವರನ್ನೆಲ್ಲ ಸೇರಿಸಿ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ತಿಂಗಳಿಗೊಂದು ಮ್ಯಾಚ್, ಕೊನೆಗೆ ಒಂದು ಟ್ರೋಫಿ, ಹೀಗೆ ಲೀಗ್ ಮಾಡಬೇಕೆಂದು ನನ್ನ ಆಸೆ. ಕ್ರಿಕೆಟ್‌ಗೆ, ವಾಲಿಬಾಲ್‌ಗೆ ಊರೂರಲ್ಲಿ ಟೂರ್ನಮೆಂಟ್ ಉಂಟು. ಸಮುದ್ರ ಇಟ್ಟುಕೊಂಡ ನಮಗೆ ಇದೊಂದು ಇಲ್ಲ.

ಸುಮ್ನೆ ಆಸೆ ಮಾತ್ರ ಅಲ್ಲ, ಒಮ್ಮೆ ಮಾಡಿ ನೋಡಿದ್ದೇನೆ. ಕೈ ಸುಟ್ಟುಕೊಂಡಿದ್ದೇನೆ. ಅದನ್ನು ಹೇಳದೆ ಪ್ರಶ್ನೆ ಕೇಳಿದರೆ ಪ್ರಯೋಜನ ಇಲ್ಲ.

ಕಳೆದ ಡಿಸೆಂಬರ್‌ನಲ್ಲಿ ಹೆಜಮಾಡಿ ಕೋಡಿಯಲ್ಲಿ ಮೂರು ಗುಂಪು ಸೇರಿ ಒಂದು ಮ್ಯಾಚ್ ಇಟ್ಟೆವು. 22 ಜನ. ತಲೆಗೆ 300 ರೂಪಾಯಿ. ಬೆಳಿಗ್ಗೆ 6ರಿಂದ 11. ಎಲ್ಲಕ್ಕಿಂತ ದೊಡ್ಡ ಮೀನು ಹಿಡಿದವನಿಗೆ 5000. ನಿಯಮ ಅಷ್ಟೇ. ನಾನು ಐದೂವರೆಗೆ ಹೋಗುವಾಗ ಅಳಿವೆ ಬದಿಯ ತುದಿಯಲ್ಲಿ ಆಗಲೇ ಜಗಳ ಶುರುವಾಗಿತ್ತು. ನಾಲ್ಕು ಗಂಟೆಗೇ ಬಂದು ಟವೆಲ್ ಹಾಸಿ ಜಾಗ ಹಿಡಿದವರಿದ್ದರು, ಬಸ್ಸಿನ ಸೀಟಿಗೆ ಕರ್ಚೀಫು ಹಾಕಿದ ಹಾಗೆ. ನದಿ ನೀರು ಸಮುದ್ರಕ್ಕೆ ಬೀಳುವ ಆ ನೂರು ಅಡಿ ಸಿಕ್ಕಿದವನಿಗೆ ಅರ್ಧ ಮ್ಯಾಚ್ ಸಿಕ್ಕಿದ ಹಾಗೆ ಎಂದು ಎಲ್ಲರಿಗೂ ಗೊತ್ತು.

ಪಡುಬಿದ್ರಿಯ ಒಬ್ಬ ಹುಡುಗ, ಪಿಯುಸಿ ಓದುವವನು, ಹತ್ತು ಗಂಟೆಯೊಳಗೆ ಒಂಬತ್ತು ಕಾಣೆ ಮೀನು, ಎರಡು ಕೊಡ್ಡಾಯಿ ಮೀನು ತೆಗೆದ. ಸಣ್ಣ ಕೊಕ್ಕೆ, ಎಟ್ಟಿಯ (ಸಿಗಡಿಯ) ತುಂಡು, ಅಲೆ ಮುರಿಯುವ ಜಾಗದ ಸ್ವಲ್ಪವೇ ಆಚೆ ಬೀಳುವ ಹಾಗೆ ಎಸೆತ. ನೋಡಲಿಕ್ಕೇ ಚಂದ. ಪಕ್ಕದಲ್ಲಿ ನಮ್ಮ ದೊಡ್ಡವರೆಲ್ಲ ಆಕಾಶಕ್ಕೆ ಎಸೆದು ಆಕಾಶವನ್ನೇ ನೋಡುತ್ತಿದ್ದರು. 10:40ಕ್ಕೆ ದೂರದ ತುದಿಯಿಂದ ಒಬ್ಬರು ಮೂರೂವರೆ ಕಿಲೋದ ಅಂಜಲ್ ಹಿಡಿದುಕೊಂಡು ನಡೆದು ಬಂದರು. ಹಿಡಿದದ್ದನ್ನು ಯಾರೂ ನೋಡಿಲ್ಲ. ನಾನೇ ತಕ್ಕಡಿಗೆ ಹಾಕಿದ್ದು. ಕಣ್ಣು ಒಳಗೆ ಹೋಗಿತ್ತು. ಕಿವಿರು ಎತ್ತಿದರೆ ಕಂದು ಬಣ್ಣ. ಹೊಟ್ಟೆ ಮುಟ್ಟಿದರೆ ತಣ್ಣಗೆ! ಬಿಸಿಲಿನಲ್ಲಿ ಅರ್ಧ ಕಿಲೋಮೀಟರ್ ನಡೆದು ಬಂದ ಮೀನು ತಣ್ಣಗೆ.

ನಾನು ಬಾಯಿ ಬಿಡಲಿಲ್ಲ. 5000 ಕೊಟ್ಟೆವು. ಫೋಟೊ ತೆಗೆದೆವು. ಆ ದಿನದಿಂದ ಎರಡು ಗುಂಪಿನವರು ಮಾತಾಡುವುದಿಲ್ಲ. ಆ ಹುಡುಗನಿಗೆ ಏನೂ ಸಿಗಲಿಲ್ಲ, ಅದೇ ನನಗೆ ಈಗಲೂ ಬೇಜಾರು.

ಈಗ ಹೇಳಿ. ಮತ್ತೆ ಕರೆದರೆ ಬರುವ ಹಾಗೆ ಮಾಡುವುದು ಹೇಗೆ? ಅಂಕ ಕೊಡುವುದು ಹೇಗೆ? ಎಟ್ಟಿ ಹಾಕುವವರನ್ನು, ಲೂರ್ (ಮೀನಿನ ಹಾಗೆ ಕಾಣುವ ನಕಲಿ ಎರೆ) ಎಸೆಯುವವರನ್ನು ಒಟ್ಟಿಗೆ ಆಡಿಸಬಹುದಾ? ಅನುಮತಿಗೆ ಯಾರ ಹತ್ತಿರ ಹೋಗಬೇಕು?

---

ಸುರತ್ಕಲ್ ಪಾಪರ್:

ಅಣ್ಣ, ನೇರ ಹೇಳುತ್ತೇನೆ, ಬೇಜಾರು ಮಾಡಬೇಡಿ. ನಾವು ಹನ್ನೊಂದು ಜನ ಇದ್ದೇವೆ, ಒಬ್ಬನೂ ಬರುವುದಿಲ್ಲ. ಕಾರಣ ಹಣವೂ ಅಲ್ಲ, ಸೋಲುವ ಹೆದರಿಕೆಯೂ ಅಲ್ಲ. ಜಾಗ.

ಎರಡು ವರ್ಷ ಹಿಂದೆ ನಾನೊಂದು ಫೋಟೊ ಹಾಕಿದ್ದೆ. ಕೈಯಲ್ಲಿ ಒಳ್ಳೆ ಸೀಬಾಸ್ ಮೀನು. ಜಾಗದ ಹೆಸರು ಹಾಕಿರಲಿಲ್ಲ. ಹಿಂದೆ ಬಾಗಿದ ಒಂದು ತೆಂಗಿನಮರ, ಒಂದು ಗುಲಾಬಿ ಬಣ್ಣದ ಮನೆ ಕಾಣುತ್ತಿತ್ತು, ಅಷ್ಟೇ. ಮುಂದಿನ ಆದಿತ್ಯವಾರ ಅಲ್ಲಿ 15 ಬೈಕ್! ಮೂರು ವಾರದಲ್ಲಿ ಆ ಮನೆಯ ಅಜ್ಜಿ ಗೇಟಿಗೆ ಬೀಗ ಹಾಕಿದರು. ಈಗ ನಮಗೂ ಅಲ್ಲಿ ದಾರಿ ಇಲ್ಲ.

ಲೀಗ್ ಎಂದರೆ ಪ್ರತಿ ಗುಂಪು ತನ್ನ ಜಾಗವನ್ನು ಊರಿಗೆಲ್ಲ ತೋರಿಸುವುದು, ಅಲ್ವಾ? ಅದು ಆಗುವ ಮಾತಲ್ಲ.

ಮತ್ತೆ ಎಟ್ಟಿ ಹಾಕಿ ರಾಡ್ ನೆಟ್ಟು ಕೂರುವವರ ಜೊತೆ ನಾವೆಂತ ಆಡುವುದು? ನಾವು ನೂರು ಸಲ ಎಸೆಯುವಾಗ ಅವರು ಎರಡು ಚಾ ಕುಡಿದು ಮುಗಿಸಿರುತ್ತಾರೆ.

---

ಬ್ರಿಸ್ಟಲ್ ಕುಂದಾಪ್ರದವ:

ಹ್ವಾಯ್, ನಾನು ಕೋಟೇಶ್ವರದವನು. ಎಂಟು ವರ್ಷದಿಂದ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿದ್ದೇನೆ, ಇಲ್ಲಿನ ಒಂದು ಸಣ್ಣ ಸಮುದ್ರ ಗಾಳದ ಕ್ಲಬ್‌ನಲ್ಲಿ ಆರು ವರ್ಷದಿಂದ ಸದಸ್ಯ. ಲೀಗ್‌ಗೆ ಸೇರುವ ವಿಷಯ ನಮ್ಮ ಕ್ಲಬ್‌ನ ಸಭೆಗೆ ಬಂದಾಗ ಮುದುಕರೆಲ್ಲ ಹೇಳಿದ್ದು ಸುರತ್ಕಲ್‌ನವರು ಹೇಳಿದ ಮಾತನ್ನೇ. ‘ನಮ್ಮ ಗುಟ್ಟು ಹೋಗುತ್ತದೆ.’ ನನಗೆ ನಗು ಬಂತು, ಊರಲ್ಲೇ ಕೂತ ಹಾಗೆ ಆಯಿತು.

ಒಂದು ತಪ್ಪು ತಿಳುವಳಿಕೆ ಬಿಡಿಸುತ್ತೇನೆ. ಮ್ಯಾಚನ್ನು ಯಾರೂ ಗುಟ್ಟಿನ ಜಾಗದಲ್ಲಿ ಇಡುವುದಿಲ್ಲ. ಇಡಲಿಕ್ಕೆ ಆಗುವುದೂ ಇಲ್ಲ. ಗುಟ್ಟಿನ ಜಾಗದಲ್ಲಿ ಮೂರು ಜನ ನಿಲ್ಲಬಹುದು, ಮ್ಯಾಚ್‌ಗೆ ನಲವತ್ತು ಜನ ನಿಲ್ಲಬೇಕು. ಇಲ್ಲಿ ಡಾರ್ಸೆಟ್‌ನಲ್ಲಿ ಚೆಸಿಲ್ ಎಂಬ ಬೀಚ್ ಉಂಟು, ಸುಮಾರು 29 ಕಿ.ಮೀ. ಉದ್ದ, ಪೂರ್ತಿ ಉರುಟು ಕಲ್ಲು. ಇಡೀ ದೇಶಕ್ಕೆ ಗೊತ್ತಿರುವ ಜಾಗ. ಮ್ಯಾಚ್ ನಡೆಯುವುದು ಅಂಥಲ್ಲಿ. ನಿಮಗೆ ಅಂಥ ಉದ್ದದ ಮರಳು ಬೇಕಾದಷ್ಟು ಉಂಟಲ್ಲ. ಮರವಂತೆಯಲ್ಲಿ ಗಾಳ ಹಾಕುವುದು ಯಾರ ಗುಟ್ಟು?

ಇನ್ನು ಟವೆಲ್ ಹಾಸುವ ವಿಷಯ. ಇಲ್ಲಿ ಬೀಚಿನ ಉದ್ದಕ್ಕೂ ಸಮ ಅಂತರದಲ್ಲಿ ಗೂಟ ಹೊಡೆದು ನಂಬರ್ ಹಾಕುತ್ತಾರೆ. ಬೆಳಿಗ್ಗೆ ಒಂದು ಚೀಲದಲ್ಲಿ ಚೀಟಿ ಹಾಕಿ ಎತ್ತಿಸುತ್ತಾರೆ. ಬಂದ ನಂಬರಿನ ಗೂಟದಲ್ಲಿ ನಿಲ್ಲಬೇಕು, ಮುಗಿಯಿತು. ಆದರೂ ಅಳಿವೆ ಬದಿಯ ಗೂಟ ಸಿಕ್ಕಿದವನಿಗೆ ಲಾಭ ಇದ್ದೇ ಇರುತ್ತದೆ. ಅದಕ್ಕೆ ಬೀಚನ್ನು ವಲಯ ಮಾಡುತ್ತಾರೆ. ಒಂದು ವಲಯಕ್ಕೆ ಹತ್ತು ಗೂಟ ಎಂದಿಟ್ಟುಕೊಳ್ಳಿ. ನೀವು ಸ್ಪರ್ಧಿಸುವುದು ನಿಮ್ಮ ವಲಯದ ಉಳಿದ ಒಂಬತ್ತು ಜನರ ಜೊತೆ ಮಾತ್ರ. ನಾಲ್ಕು ಜನರ ತಂಡವಾದರೆ ನಾಲ್ವರೂ ಬೇರೆ ಬೇರೆ ವಲಯಕ್ಕೆ ಹೋಗುತ್ತಾರೆ. ಒಂದು ತಂಡ ಒಳ್ಳೆ ಜಾಗದಲ್ಲಿ ಗುಂಪು ಕಟ್ಟಿ ಕೂರಲಿಕ್ಕೆ ಆಗುವುದಿಲ್ಲ.

ಅಂಕ ಉಲ್ಟಾ. ವಲಯದಲ್ಲಿ ಮೊದಲನೆಯವನಿಗೆ 1, ಎರಡನೆಯವನಿಗೆ 2, ಹೀಗೆ. ನಾಲ್ವರದ್ದೂ ಕೂಡಿಸಿದಾಗ ಕಮ್ಮಿ ಬಂದ ತಂಡ ಗೆದ್ದ ಹಾಗೆ. ಮೀನೇ ಸಿಗದವರಿಗೂ ಲೆಕ್ಕ ಉಂಟು. ಹತ್ತರಲ್ಲಿ ಆರು ಜನರಿಗೆ ಮೀನು ಸಿಕ್ಕಿತು ಅನ್ನಿ. ಅವರಿಗೆ 1ರಿಂದ 6. ಉಳಿದ ನಾಲ್ವರು 7, 8, 9, 10 ಅನ್ನು ಕೂಡಿಸಿ ಹಂಚಿಕೊಳ್ಳುತ್ತಾರೆ, ತಲೆಗೆ 8.5. ಇದರಿಂದ ಏನಾಗುತ್ತದೆ ಗೊತ್ತಾ? ಒಂದೇ ಒಂದು ಸಣ್ಣ ಮೀನಿಗೂ ಬೆಲೆ ಬರುತ್ತದೆ. ಕೊನೆಯ ಹತ್ತು ನಿಮಿಷದಲ್ಲಿ ಬೆರಳುದ್ದದ ವೈಟಿಂಗ್ ಮೀನು ಹಿಡಿದು ಕುಣಿದವರನ್ನು ನೋಡಿದ್ದೇನೆ. ಆ ಸಾಲಿನಲ್ಲಿ ನಾನೂ ಇದ್ದೇನೆ.

ದೊಡ್ಡ ಮೀನಿಗೆ ದೊಡ್ಡ ಹಣ ಇಟ್ಟದ್ದೇ ನಿಮ್ಮ ತಪ್ಪು, ಮಾರಾಯ್ರೆ. ಒಂದೇ ಮೀನು ಸಾಕು ಎಂದರೆ ಅದು ಪೇಟೆಯಿಂದಲೂ ಬರುತ್ತದೆ. ಇಲ್ಲಿನ ಎಷ್ಟೋ ಮ್ಯಾಚ್‌ಗಳಲ್ಲಿ ಈಗ ತಕ್ಕಡಿಯೇ ಇಲ್ಲ. ಹಿಡಿದ ತಕ್ಷಣ ಅಳತೆಯ ಹಲಗೆ ಮೇಲೆ ಇಟ್ಟು, ಪಕ್ಕದ ಗೂಟದವನನ್ನು ಕರೆದು ತೋರಿಸಿ, ಕಾರ್ಡಿನಲ್ಲಿ ಸೆಂಟಿಮೀಟರ್ ಬರೆದು ಅವನ ಸಹಿ ಹಾಕಿಸಿ, ಮೀನನ್ನು ನೀರಿಗೆ ಬಿಡುವುದು. ಪಕ್ಕದವನು ಎದುರಾಳಿ. ಅವನು ಸುಳ್ಳು ಸಹಿ ಯಾಕೆ ಹಾಕುತ್ತಾನೆ? ಐಸಿನ ಅಂಜಲ್ ಕುಣಿಯುವುದೂ ಇಲ್ಲ, ನೀರಿಗೆ ಬಿಟ್ಟರೆ ಈಜುವುದೂ ಇಲ್ಲ.

ಲೂರ್-ಎಟ್ಟಿ ಜಗಳಕ್ಕೆ ನನ್ನ ಉತ್ತರ: ಒಟ್ಟಿಗೆ ಆಡಿಸಬೇಡಿ. ಗೂಟದ ಮ್ಯಾಚ್‌ನಲ್ಲಿ ಲೂರ್‌ನವರು ಅತ್ತಿತ್ತ ನಡೆಯುವ ಹಾಗಿಲ್ಲ, ಎರೆಯವರ ನೂಲಿಗೆ ಸಿಕ್ಕುತ್ತದೆ. ಬೇಕಾದರೆ ಮರುದಿನ ಅವರಿಗೆ ಬೇರೆ ಮ್ಯಾಚ್ ಇಡಿ.

ಇನ್ನೊಂದು ಕಡ್ಡಾಯ. ಸಾಲಾಗಿ ನಿಂತು ಎಸೆಯುವಾಗ ನೂಲು ತುಂಡಾದರೆ ಅದಕ್ಕೆ ಕಟ್ಟಿದ ಸೀಸದ ತೂಕ ಗುಂಡಿನ ಹಾಗೆ ಹಾರುತ್ತದೆ. ಶಾಕ್ ಲೀಡರ್ (ಎಸೆತದ ಎಳೆತ ತಡೆಯಲಿಕ್ಕೆ ನೂಲಿನ ತುದಿಗೆ ಕಟ್ಟುವ ದಪ್ಪ ನೂಲು) ಇಲ್ಲದವನನ್ನು ಸಾಲಿಗೆ ಬಿಡಬೇಡಿ. ಇಲ್ಲಿನ ಲೆಕ್ಕ ಒಂದು ಔನ್ಸ್ ಸೀಸಕ್ಕೆ 10 ಪೌಂಡ್ ಭಾರ ತಡೆಯುವ ನೂಲು. 5 ಔನ್ಸ್ ಎಸೆಯುವವನಿಗೆ ಕನಿಷ್ಠ 50 ಪೌಂಡಿನ ಲೀಡರ್.

ಮತ್ತೆ ದೊಡ್ಡ ಸಂಘ, ರಿಜಿಸ್ಟ್ರೇಷನ್ ಎಂದು ಮೊದಲೇ ಹೊರಡಬೇಡಿ. ಇಲ್ಲಿ ಸಮುದ್ರ ಗಾಳದವರ ರಾಷ್ಟ್ರೀಯ ಒಕ್ಕೂಟ ಆದದ್ದು 1904ರಲ್ಲಿ, 2009ರಲ್ಲಿ ಅದು ಉಳಿದ ಸಂಸ್ಥೆಗಳ ಜೊತೆ ಸೇರಿ ಆಂಗ್ಲಿಂಗ್ ಟ್ರಸ್ಟ್ ಆಯಿತು. ಆದರೆ 1904ಕ್ಕಿಂತ ಮೊದಲೇ ಕ್ಲಬ್‌ಗಳು ಇದ್ದವು.

---

ಕಾಪು ಬಂಡೆ:

ಅಣ್ಣ, ಕೈ ಮುಗಿದೆ. ಗೂಟದ ವಿಷಯ ಓದಿ ಆ ಪಡುಬಿದ್ರಿ ಹುಡುಗನ ಲೆಕ್ಕ ಹಾಕಿದೆ. ಹನ್ನೊಂದು ಮೀನು! ಅವನ ವಲಯದಲ್ಲಿ ಅವನೇ 1.

ಒಂದೇ ತೊಂದರೆ. ಕಾಣೆಯನ್ನು ವಾಪಸ್ ನೀರಿಗೆ ಬಿಡಿ ಎಂದು ಉಡುಪಿ ಜಿಲ್ಲೆಯಲ್ಲಿ ಯಾರಿಗೆ ಹೇಳುವುದು? ಮೀನು ಮಾರ್ಕೆಟ್‌ನಲ್ಲಿ ಕಾಣೆಯ ರೇಟ್ ಕೇಳಿದ್ದೀರಾ? ಒಂಬತ್ತು ಕಾಣೆ ಹಿಡಿದು ಬರಿಗೈಯಲ್ಲಿ ಮನೆಗೆ ಹೋದರೆ ನನ್ನನ್ನೇ ಒಳಗೆ ಬಿಡಲಿಕ್ಕಿಲ್ಲ.

---

ಬ್ರಿಸ್ಟಲ್ ಕುಂದಾಪ್ರದವ:

ಹಹ್ಹ, ಎಂಟು ವರ್ಷದಿಂದ ಕಾಣೆ ರವಾ ಫ್ರೈ ಕನಸಿನಲ್ಲಿ ಮಾತ್ರ. ಎಲ್ಲ ಬಿಡಬೇಕೆಂದು ಇಲ್ಲ. ಒಂದು ಅಳತೆ ಇಡಿ, ಅದಕ್ಕಿಂತ ಸಣ್ಣದು ಲೆಕ್ಕಕ್ಕೂ ಇಲ್ಲ, ಚೀಲಕ್ಕೂ ಇಲ್ಲ. ದೊಡ್ಡದು ಅಳೆದು ಸಹಿ ಆದ ಮೇಲೆ ಅವನಿಷ್ಟ. ಇಲ್ಲಿ ಸೀಬಾಸ್‌ಗೆ ಸರ್ಕಾರವೇ 42 ಸೆಂ.ಮೀ. ಎಂದು ಇಟ್ಟಿದೆ. ಆದರೆ ಅಳೆಯುವುದು ಜೀವ ಇರುವಾಗಲೇ. ಅದು ಬಿಡಬೇಡಿ.

---

ಮಲ್ಪೆ ಹಳಬ:

ತಮ್ಮ, ನನಗೆ 61. ನಮ್ಮ ಅಪ್ಪ ಕೈರಂಪಣಿಯಲ್ಲಿ (ದಡದಲ್ಲಿ ನಿಂತು ಎಳೆಯುವ ದೊಡ್ಡ ಬಲೆ) ಹಗ್ಗ ಎಳೆದವರು, ನಾನು 23 ವರ್ಷ ಬೋಟಿನಲ್ಲಿ ದುಡಿದವನು, ಈಗ ಸಂಜೆ ಹೊತ್ತು ಪಡುಕೆರೆಯಲ್ಲಿ ಸುಮ್ನೆ ಗಾಳ ಹಾಕಿ ಕೂರುವವನು. ಇಂಗ್ಲೆಂಡಿನ ವಿಷಯ ಚೆನ್ನಾಗಿದೆ. ಆದರೆ ಲೀಗ್ ಕಲಿಯಲಿಕ್ಕೆ ಅಷ್ಟು ದೂರ ಹೋಗಬೇಕಾ? ನಮ್ಮಲ್ಲಿ ಕಂಬಳ ಇಲ್ಲವಾ?

ಯೋಚನೆ ಮಾಡಿ ನೋಡು. ಪ್ರತಿ ಊರಿನ ಕಂಬಳಕ್ಕೆ ಅದರದ್ದೇ ಸಮಿತಿ, ಅದರದ್ದೇ ಗದ್ದೆ, ಅದರದ್ದೇ ಊಟ. ಅವರ ಗದ್ದೆಗೆ ಇವರು ಕೈ ಹಾಕುವುದಿಲ್ಲ. ಜಿಲ್ಲಾ ಸಮಿತಿ ಮಾಡುವುದು ಮುಖ್ಯವಾಗಿ ಎರಡು ಕೆಲಸ. ಎರಡು ಕಂಬಳ ಡಿಕ್ಕಿ ಹೊಡೆಯದ ಹಾಗೆ ತಾರೀಕು ಹಂಚುವುದು, ನಿಯಮ ಎಲ್ಲ ಕಡೆ ಒಂದೇ ಇರುವ ಹಾಗೆ ನೋಡುವುದು. ಕೋಣಗಳ ಓಟದಲ್ಲೂ ವಿಭಾಗ ಉಂಟು: ಹಗ್ಗಕ್ಕೆ ಹಗ್ಗ, ನೇಗಿಲಿಗೆ ನೇಗಿಲು, ಹಿರಿಯ ಬೇರೆ, ಕಿರಿಯ ಬೇರೆ. ನಿಮ್ಮ ಎಟ್ಟಿಯವರು, ಲೂರ್‌ನವರು ಅಂದರೆ ಅದೇ ಅಲ್ವಾ? ಗುಂಪಿನವರನ್ನು ‘ನನ್ನ ಲೀಗ್‌ಗೆ ಬನ್ನಿ’ ಎಂದು ಕರೆದರೆ ಯಾರೂ ಬರುವುದಿಲ್ಲ. ‘ನಿಮ್ಮ ಊರಲ್ಲಿ ನೀವೇ ಮಾಡಿ, ನಾವು ಬರುತ್ತೇವೆ’ ಎಂದು ಹೇಳಿ ನೋಡು. ನಮ್ಮವರಿಗೆ ಆಡುವುದಕ್ಕಿಂತ ಮಾಡಿಸುವುದರಲ್ಲಿ ಖುಷಿ ಜಾಸ್ತಿ.

ತಾರೀಕು ಇಡುವಾಗ ಕಂಬಳದ ಪಟ್ಟಿ ನೋಡಿಕೋ. ಆಮೇಲೆ ಪಂಚಾಂಗ ನೋಡು. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ನೀರಿನ ಎಳೆತ ಜಾಸ್ತಿ. ಅಳಿವೆ ಬದಿಯಲ್ಲಿ ಸೀಸ ನಿಲ್ಲುವುದಿಲ್ಲ, ಪಕ್ಕದವನ ನೂಲಿಗೆ ಹೋಗಿ ಸುತ್ತುತ್ತದೆ, ಬೈಗುಳ ಶುರು. ಜೂನ್, ಜುಲೈ ಬೋಟಿಗೇ ರಜೆ, 61 ದಿನ. ನಿಮಗೂ ರಜೆ ಎಂದು ತಿಳಿದುಕೋ. ಆಗಸ್ಟ್ ಕೂಡ ಬೇಡ, ಕಡಲು ಇಳಿಯಲಿಕ್ಕೆ ಸಮಯ ಬೇಕು.

ಅನುಮತಿ ಕೇಳಿದ್ದೀಯ. ಆಫೀಸು ಆಮೇಲೆ. ಮೊದಲು ಆ ಊರಿನ ಮೀನುಗಾರ ಮೊಗವೀರರ ಸಭೆಗೆ ಹೋಗು, ಅವರ ಮುಖ್ಯಸ್ಥ ಗುರಿಕಾರರ ಹತ್ತಿರ ಕೂತು ಮಾತಾಡು. ಕೈರಂಪಣಿ ಎಳೆಯುವ ಜಾಗ ಯಾವುದು, ದೋಣಿ ಎಳೆದಿಡುವ ಜಾಗ ಯಾವುದು ಎಂದು ಕೇಳಿ ಗೂಟ ಹೊಡೆಯಬೇಕು. ಬಲೆ ಬಿಟ್ಟ ದಿನ ನೀವು ಗಾಳ ಎತ್ತಿ ಬದಿಗೆ ಸರಿಯಬೇಕು. ಅವರಿಗೆ ಅದು ಅನ್ನ, ನಿಮಗೆ ಆದಿತ್ಯವಾರ. ಅವರು ಸರಿ ಅಂದ ಮೇಲೆ ಕರಾವಳಿ ಕಾವಲು ಪೊಲೀಸರಿಗೆ, ಪಂಚಾಯತಿಗೆ ಒಂದೊಂದು ಪತ್ರ ಕೊಡು.

ಇನ್ನೊಂದು ಮಾತು, ಸಿಟ್ಟಿನಿಂದಲೇ ಹೇಳುತ್ತೇನೆ. ಹೋದ ವರ್ಷ ಪಡುಕೆರೆಯ ಮರಳಿನಲ್ಲಿ ಬರಿಗಾಲಲ್ಲಿ ನಡೆಯುವಾಗ ಮೂರು ಮೊನೆಯ ಕೊಕ್ಕೆ ನನ್ನ ಹಿಮ್ಮಡಿಗೆ ಹೊಕ್ಕಿತು. ಹಿಂದೆ ಒಂದು ಮಾರು ಬ್ರೇಡ್ ನೂಲು ನೇತಾಡುತ್ತಾ ಇತ್ತು. ಕೊಕ್ಕೆಗೆ ಮುಳ್ಳು ಇರುತ್ತದಲ್ಲ, ಹಿಂದಕ್ಕೆ ಬರುವುದಿಲ್ಲ. ಡಾಕ್ಟರು ಮುಂದಕ್ಕೆ ದೂಡಿ, ಮೊನೆ ಹೊರಗೆ ಬಂದ ಮೇಲೆ ಕತ್ತರಿಸಿ ತೆಗೆದರು. ಮ್ಯಾಚ್ ಮುಗಿದ ಮೇಲೆ ತನ್ನ ಗೂಟದ ಸುತ್ತ ಕಸ ಹೆಕ್ಕದೆ ಹೋದವನ ಮೀನು ಲೆಕ್ಕಕ್ಕಿಲ್ಲ ಎಂದು ಬರೆ. ಇದನ್ನು ಇಂಗ್ಲೆಂಡಿನವರು ಹೇಳಲಿಲ್ಲ, ನಾನು ಹೇಳುತ್ತಿದ್ದೇನೆ.

---

ಕಾಳಿ ಸೇತುವೆ:

ಕಾರವಾರದಿಂದ ಒಂದು ಮಾತು. ಕರಾವಳಿ ಲೀಗ್ ಎಂದು ಹೆಸರಿಟ್ಟು ಎಲ್ಲ ಮ್ಯಾಚ್ ಮಂಗಳೂರು-ಉಡುಪಿಯಲ್ಲೇ ಇಡಬೇಡಿ, ಯಾವತ್ತೂ ಹಾಗೇ ಆಗುತ್ತದೆ. ನಮ್ಮಲ್ಲಿಂದ ಮಂಗಳೂರಿಗೆ ಸುಮಾರು 270 ಕಿ.ಮೀ. ಬೆಳಿಗ್ಗೆ ಆರಕ್ಕೆ ಗಾಳ ಹಾಕಬೇಕಾದರೆ ಹಿಂದಿನ ದಿನವೇ ಹೊರಡಬೇಕು. ಮೊದಲ ವರ್ಷ ನೀವು ದಕ್ಷಿಣದವರು ಮಾಡಿ. ನಾವು ಕಾರವಾರ, ಅಂಕೋಲಾ, ಕುಮಟಾದವರು ಇಲ್ಲಿ ಮಾಡುತ್ತೇವೆ. ನಿಯಮ ಒಂದೇ ಇರಲಿ. ಕೊನೆಗೆ ಒಂದು ಫೈನಲ್ ಮಧ್ಯದಲ್ಲಿ, ಭಟ್ಕಳ ಅಥವಾ ಬೈಂದೂರು ಕಡೆ ಇಡುವ.

---

ಮೀನು ಕಾಲೇಜು ಹಳೆ ವಿದ್ಯಾರ್ಥಿ:

ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದವನು, ಹಾಗಾಗಿ ಬಾಯಿ ಹಾಕುತ್ತಿದ್ದೇನೆ. ತೊರಕೆ (ಚಪ್ಪಟೆ ಮೈಯ, ಉದ್ದ ಬಾಲದ ಮೀನು), ಶಾರ್ಕ್ ಜಾತಿಗೆ ಅಂಕವೇ ಇಡಬೇಡಿ. ಗರಗಸ ಮೀನು, ತಿಮಿಂಗಿಲ ಶಾರ್ಕ್ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಉಂಟು. ತೊರಕೆಯಲ್ಲೂ ಕೆಲವು ಜಾತಿ ಉಂಟು, 2022ರ ತಿದ್ದುಪಡಿಯ ಮೇಲೆ ಪಟ್ಟಿ ಇನ್ನೂ ಉದ್ದ ಆಗಿದೆ. ದಡದಲ್ಲಿ ನಿಂತವನಿಗೆ ಯಾವುದು ಯಾವುದೆಂದು ಗುರುತು ಹಿಡಿಯುವುದು ಕಷ್ಟ. ಸಿಕ್ಕಿದರೆ ನೂಲು ಕತ್ತರಿಸಿ ನೀರಿಗೆ ಬಿಡಿ, ಫೋಟೊಕ್ಕೆ ಎತ್ತಿಕೊಂಡು ನಿಲ್ಲಬೇಡಿ.

ಅಳತೆ ಕಾರ್ಡುಗಳನ್ನು ಬಿಸಾಡಬೇಡಿ. ಯಾವ ದಿನ, ಯಾವ ಬೀಚು, ಯಾವ ಮೀನು, ಎಷ್ಟು ಉದ್ದ ಎಂದು ಐದು ವರ್ಷ ಬರೆದಿಟ್ಟರೆ ಓದುವ ಹುಡುಗರಿಗೆ ಅದು ಚಿನ್ನ. ಕೇಂದ್ರ ಸರ್ಕಾರದ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸಿ.ಎಂ.ಎಫ್.ಆರ್.ಐ.ಗೆ ಮಂಗಳೂರಿನಲ್ಲೇ ಕೇಂದ್ರ ಉಂಟು, ಒಮ್ಮೆ ಹೋಗಿ ಮಾತಾಡಿ.

ತೇಡೆ ಮೀನಿನ (ಮೀಸೆ ಇರುವ ಮೀನು) ಮುಳ್ಳು ಅಥವಾ ತೊರಕೆಯ ಬಾಲ ಚುಚ್ಚಿದರೆ ಐಸ್ ಇಡಬೇಡಿ. ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ ಕೈ ಅಥವಾ ಕಾಲು ಮುಳುಗಿಸಿದರೆ ನೋವು ಇಳಿಯುತ್ತದೆ. ಆಮೇಲೆ ಡಾಕ್ಟರ ಹತ್ತಿರ ಹೋಗಲೇಬೇಕು. ಮ್ಯಾಚ್‌ನಲ್ಲಿ ಎರಡು ಫ್ಲಾಸ್ಕ್ ಬಿಸಿ ನೀರು ಇರಲಿ. ಚಾಕ್ಕೆ ಬೇರೆ ಫ್ಲಾಸ್ಕ್.

---

ಕಾಪು ಬಂಡೆ:

ಹತ್ತು ದಿನ ಆಯಿತು, ತಡವಾಗಿ ಬರೆಯುತ್ತಿದ್ದೇನೆ. ಈ ಹತ್ತು ದಿನ ಫೋನಿನಲ್ಲೇ ಹೋಯಿತು.

ಹಳಬಣ್ಣ ಹೇಳಿದ ಹಾಗೆ ಮಾತು ಬದಲಾಯಿಸಿದೆ. ‘ಬನ್ನಿ’ ಎನ್ನಲಿಲ್ಲ. ‘ನಿಮ್ಮಲ್ಲಿ ಯಾವಾಗ ಇಡುತ್ತೀರಿ, ನಾವು ಬರುವುದಾ?’ ಎಂದು ಕೇಳಿದೆ. ಮೂಲ್ಕಿಯವರು ಅಲ್ಲೇ ಒಪ್ಪಿ ಊಟಕ್ಕೆ ಕೋಳಿ ಸುಕ್ಕವಾ ಬೇರೆಂತವಾ ಎಂದು ಚರ್ಚೆ ಶುರು ಮಾಡಿದರು. ಗಂಗೊಳ್ಳಿಯವರು ನವೆಂಬರ್ ಎಂದರು. ಮಾತು ಬಿಟ್ಟ ಎರಡು ಗುಂಪುಗಳಲ್ಲಿ ಒಂದು ಬರುತ್ತದೆ. ಇನ್ನೊಂದು ‘ನೋಡುವ’ ಎಂದಿದೆ. ನಮ್ಮ ಕಡೆ ‘ನೋಡುವ’ ಎಂದರೆ ಎಂತ ಎಂದು ನಿಮಗೂ ಗೊತ್ತು, ನನಗೂ ಗೊತ್ತು.

ಈಗಿನ ಲೆಕ್ಕದಲ್ಲಿ ನಾಲ್ಕು ಗುಂಪು, ತಲಾ ನಾಲ್ವರ ಎರಡು ತಂಡ. ನಾಲ್ಕು ವಲಯ, ವಲಯಕ್ಕೆ ಎಂಟು ಗೂಟ. ಒಟ್ಟು ಐದು ಮ್ಯಾಚ್, ಅದರಲ್ಲಿ ಒಳ್ಳೆಯ ನಾಲ್ಕು ಮಾತ್ರ ಲೆಕ್ಕಕ್ಕೆ. ಮದುವೆ, ಕೋಲ ಎಂದು ಒಂದು ತಪ್ಪಿಸುವವರು ಇದ್ದೇ ಇರುತ್ತಾರೆ. ನಗದು ಬಹುಮಾನ ಇಲ್ಲ, ಟ್ರೋಫಿ ಮಾತ್ರ. ಗೂಟಕ್ಕೆ ಅಂಗಡಿಯಲ್ಲಿ ಬಿದ್ದಿದ್ದ ಪಿವಿಸಿ ಪೈಪ್ ಕತ್ತರಿಸಿ 32 ತುಂಡು ಮಾಡಿದ್ದೇನೆ, ಮಗಳು ನಂಬರ್ ಬರೆದಳು. 17ನ್ನು ಎರಡು ಸಲ ಬರೆದಿದ್ದಾಳೆ, ಅದನ್ನು ಸರಿ ಮಾಡಬೇಕು.

ಪಡುಬಿದ್ರಿ ಹುಡುಗನ ಮನೆಗೂ ಹೋಗಿದ್ದೆ. ಪರೀಕ್ಷೆ ಉಂಟು ಎಂದು ಅವನ ಅಮ್ಮ ಮುಖ ಸಣ್ಣ ಮಾಡಿದರು. ಹುಡುಗ ಒಳಗಿನಿಂದ ಬಂದು, ತಾರೀಕು ಕೇಳಿ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ ಹೋದ.

ಸುರತ್ಕಲ್ ತಮ್ಮ, ನಿಮಗೆ ಮಾತ್ರ ಇನ್ನೂ ಫೋನ್ ಮಾಡಲಿಲ್ಲ. ಯಾವ ಮ್ಯಾಚೂ ಬಂಡೆಯಲ್ಲಿ ಇಲ್ಲ, ಎಲ್ಲ ಉದ್ದದ ಮರಳಿನಲ್ಲಿ. ಜನವರಿಯಲ್ಲಿ ಲೂರ್‌ನವರಿಗೆ ಬೇರೆ ಒಂದು ದಿನ ಇಡುವ ಆಲೋಚನೆ ಉಂಟು. ಜಾಗ ನೀವೇ ಹೇಳಿ.

---

ಸುರತ್ಕಲ್ ಪಾಪರ್:

ಅಣ್ಣ, ನಾಲ್ಕು ಜನ ಬರುತ್ತೇವೆ, ಎಟ್ಟಿಯ ಮ್ಯಾಚ್‌ಗೇ. ಒಬ್ಬನಿಗೆ ಎಟ್ಟಿ ಹೇಗೆ ಪೋಣಿಸುವುದೆಂದು ಗೊತ್ತಿಲ್ಲ, ಯಾರಾದರೂ ತೋರಿಸಿ.

ಫೋಟೊದಲ್ಲಿ ಹಿಂದೆ ಎಂತದೂ ಕಾಣಬಾರದು. ಅದನ್ನು ನಿಯಮದಲ್ಲಿ ಬರೆಯಿರಿ.